ಹೊಸ್ತಿಲ ಮೇಲಿನ ಹಲಗೆ

ನನ್ನನ್ನು ಮಾಡಲು ಎರಡು ಸಾವಿರದ ನೂರ ನಲವತ್ತು ರೂಪಾಯಿ ಖರ್ಚಾಯಿತು. ನನ್ನ ಉದ್ಘಾಟನೆಗೆ ಒಂಬತ್ತು ಸಾವಿರ. ಕಟ್ಟಿಗೆ ಪುಕ್ಕಟೆ ಸಿಕ್ಕಿತ್ತು. ಪರೀಕ್ಷಾ ವಿಭಾಗದ ಹಿಂದೆ ಕಾಲು ಮುರಿದು ಬಿದ್ದಿದ್ದ ಸಾಗವಾನಿ ಬೆಂಚುಗಳವು. ದುಡ್ಡು ಹೋದದ್ದು ಸ್ಕ್ರೂಗಳಿಗೆ, ಕಬ್ಬಿಣದ ಪಟ್ಟಿಗೆ, ಗಾಲಿ ಜಾರದಂತೆ ಮೇಲೆ ಹಾಸಿದ ರಬ್ಬರಿಗೆ ಮತ್ತು ಬಡಿಗನ ಎರಡು ದಿನದ ಕೂಲಿಗೆ. ಆ ಒಂಬತ್ತು ಸಾವಿರ ಹೋದದ್ದು ಶಾಮಿಯಾನ, ಶಾಲು, ಹಾರ, ಬ್ಯಾನರು, ಉಪ್ಪಿಟ್ಟು, ಶಿರಾಕ್ಕೆ. ಯಾವುದು ದುಬಾರಿ ಎಂದು ನಾನು ಹೇಳುವುದಿಲ್ಲ. ಶಿರಾ ಚೆನ್ನಾಗಿತ್ತಂತೆ.

ನಾನು ಒಂದು ಹಲಗೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಮುಂದೆ, ನೆಲದಿಂದ ಎರಡು ಮೆಟ್ಟಿಲೆತ್ತರದ ಜಗುಲಿಗೆ ಇಳಿಜಾರಾಗಿ ಒರಗಿಕೊಂಡು ಬಾಳಿದವನು. ಎಲ್ಲರನ್ನೂ ಕೆಳಗಿನಿಂದಲೇ ನೋಡಿದ್ದೇನೆ. ಮುಖ ನೋಡಿ ಮಂದಿಯನ್ನು ಅಳೆಯುವವರು ಮೋಸ ಹೋಗುತ್ತಾರೆ. ಹೆಜ್ಜೆಯ ಭಾರದಲ್ಲಿ ಮೋಸ ಕಡಿಮೆ.

ನನ್ನನ್ನು ಮಾಡಿದವನು ಕಾಳಪ್ಪ ಬಡಿಗೇರ. ವಿಶ್ವವಿದ್ಯಾಲಯದ ಮುರಿದ ಕುರ್ಚಿ, ಮೇಜುಗಳಿಗೆಲ್ಲ ಅವನೇ ವೈದ್ಯ. ಐದು ಅಡಿ ಉದ್ದಕ್ಕೆ ನನ್ನನ್ನು ಮುಗಿಸಿಬಿಡಬೇಕೆಂದು ಅವನ ಲೆಕ್ಕವಿತ್ತು. ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಹುಡುಗಿ ತಡೆದಳು.

“ಕಾಕಾ, ಒಂದು ಇಂಚು ಏರಬೇಕಂದ್ರ ಒಂದು ಅಡಿ ಉದ್ದ ಬೇಕ್ರಿ. ಈ ಪಾವಟಿಗಿ ಎರಡೂ ಕೂಡಿ ಹದಿನಾಲ್ಕು ಇಂಚು ಅದಾವ.”

“ಹದಿನಾಲ್ಕು ಅಡಿ? ಇದೇನ್ ವಿಮಾನ ಹಾರಸಾಕ ಏನ ತಂಗಿ?”

“ಹಂಗಾರ ಐದ ಅಡಿ ಮಾಡ್ರಿ. ಮೊದಲ ನೀವ ನನ್ನ ಕುರ್ಚ್ಯಾಗ ಕುಂತು ಏರಿ ತೋರಸ್ರಿ.”

ಅವಳು ಜಗುಲಿಯ ಅಂಚಿಗೆ ಸರಿದು ಕೂತು ಕುರ್ಚಿ ಬಿಟ್ಟುಕೊಟ್ಟಳು. ಕಾಳಪ್ಪ ಐದಡಿಯ ಹಲಗೆಯೊಂದನ್ನು ಒರಗಿಸಿ, ಮೀಸೆ ತೀಡಿ, ಗಾಲಿ ತಿರುವಿದ. ಅರ್ಧ ಏರಿದ, ಅಲ್ಲಿಂದ ಹಿಂದಕ್ಕೆ ಬಂದವನು ನೇರವಾಗಿ ದಾಸವಾಳದ ಗಿಡದಲ್ಲಿ ಹೋಗಿ ಕೂತ. ತಲೆಯ ಮೇಲಿನ ಎಲೆ ತೆಗೆಯುತ್ತ, “ಹದಿನಾಲ್ಕ ಇರಲಿ ಬಿಡು” ಎಂದ.

ಆ ಹುಡುಗಿ ಹುಸೇನಬಿ ನದಾಫ. ನವಲಗುಂದದ ಕಡೆಯವಳು, ಇತಿಹಾಸದ ಎಂ.ಎ. ಎರಡನೆಯ ವರ್ಷ. ಚಿಕ್ಕವಳಿದ್ದಾಗ ಪೋಲಿಯೊ ಆಗಿ ಎರಡೂ ಕಾಲಿನ ಬಲ ಹೋಗಿತ್ತು; ತೋಳಿನ ಬಲ ಮಾತ್ರ ನಾಲ್ಕು ಮಂದಿಗಾಗುವಷ್ಟಿತ್ತು. ಅವಳ ಹಿರಿಯರೆಲ್ಲ ಹತ್ತಿ ಹಿಂಜಿ ಗಾದಿ ಮಾಡಿದವರು. ಅವರ ಬಗ್ಗೆಯೇ ಅವಳು ಪ್ರಬಂಧ ಬರೆಯುತ್ತಿದ್ದಳು. ಮೇ ಹದಿನೈದಕ್ಕೆ ಅದನ್ನು ಒಪ್ಪಿಸಬೇಕಿತ್ತು. ಬೇಕಾದ ಹಳೆಯ ಹತ್ತಿ ಮಾರುಕಟ್ಟೆಯ ವರದಿಗಳು ಗ್ರಂಥಾಲಯದ ಒಳಗೇ ಇದ್ದವು. ನೂರು ವರ್ಷದ ಹಳೆಯ ಸಂಪುಟಗಳಾದ್ದರಿಂದ ಹೊಸ್ತಿಲಾಚೆ ಕೊಡುವಂತಿರಲಿಲ್ಲ. ಅವಳು ಎರಡು ವರ್ಷದಿಂದ ಕುರ್ಚಿಯಿಂದ ಜಗುಲಿಯ ಅಂಚಿಗೆ ಸರಿದು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು, ಚೀಟಿ ಬರೆದು ಒಳಗೆ ಕಳಿಸಿ, ಹೊರಗೆ ಕೊಡಬಹುದಾದ ಪುಸ್ತಕಗಳನ್ನಷ್ಟೇ ಓದಿದ್ದಳು.

ಚೀಟಿ ಒಯ್ಯುತ್ತಿದ್ದವಳು ಫಕೀರವ್ವ. ಗ್ರಂಥಾಲಯದ ಕಸ ಹೊಡೆದು ನೆಲ ಒರೆಸುವವಳು. ಕಲ್ಲಿನ ಆ ದೊಡ್ಡ ಹೊಸ್ತಿಲನ್ನು ಪ್ರತಿ ಮಂಗಳವಾರ, ಶುಕ್ರವಾರ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಡುವವಳೂ ಅವಳೇ. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಮಾಡಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಏಪ್ರಿಲ್ ಮೊದಲ ವಾರ ನನ್ನ ಉದ್ಘಾಟನೆ. ಕುಲಪತಿಗಳು ಈ ವಿಶ್ವವಿದ್ಯಾಲಯ ಎಲ್ಲರದು ಎಂದು ಮುಕ್ಕಾಲು ಗಂಟೆ ಹೇಳಿದರು. ರಿಬ್ಬನ್ ಕತ್ತರಿಸಿದರು. ನನ್ನ ಮೇಲೆ ತಾವೇ ಮೊದಲು ನಡೆದರು. ಹಿಂದೆ ಕುಲಸಚಿವರು, ಅವರ ಹಿಂದೆ ಗ್ರಂಥಪಾಲಕ ಇಟಗಿ ಸರ್. ಎಲ್ಲರೂ ನನ್ನನ್ನು ಹತ್ತಿ, ಜಗುಲಿ ದಾಟಿ, ಒಳಗೆ ಹೋಗಿ ಚಪ್ಪಾಳೆ ಹೊಡೆದರು. ಕೊನೆಗೆ ಹುಸೇನಬಿ ಬಂದಳು. ಹೊಸ ಚೂಡಿದಾರ, ಕೊರಳಲ್ಲಿ ಯಾರೋ ಹಾಕಿದ ಹಾರ. ಅವಳ ಗಾಲಿ ನನ್ನ ಮೇಲೆ ಏರಿದಾಗ ನನಗಾದ ಹೆಮ್ಮೆ ಸಿಂಹಾಸನಕ್ಕೂ ಆಗಿರಲಿಕ್ಕಿಲ್ಲ. ಸರಸರ ಹತ್ತಿದಳು, ಜಗುಲಿ ದಾಟಿದಳು, ಬಾಗಿಲಿಗೆ ಬಂದಳು.

ಅಲ್ಲೇ ನಿಂತಳು. ಮುಂದೆ ಹೊಸ್ತಿಲು.

ಮುಕ್ಕಾಲು ಗೇಣು ಎತ್ತರದ ಕಲ್ಲು ಅದು. ಎಲ್ಲರೂ ದಿನಾ ದಾಟುತ್ತಿದ್ದರು. ಹುಟ್ಟಿದಾಗಿನಿಂದ ಹೊಸ್ತಿಲು ದಾಟಿದ ಕಾಲು ತಾನಾಗಿಯೇ ಎತ್ತಿಕೊಳ್ಳುತ್ತದೆ. ಅಲ್ಲೊಂದು ತಡೆ ಇದೆ ಎನ್ನುವ ಸುದ್ದಿ ತಲೆಯವರೆಗೆ ಹೋಗುವುದೇ ಇಲ್ಲ. ಚಪ್ಪಾಳೆ ಒಂದೊಂದೇ ನಿಂತವು.

“ಏ ಕಾಳಪ್ಪಾ!” ಇಟಗಿ ಸರ್ ಒಳಗಿಂದ ಕೂಗಿದರು. “ಮೂವತ್ತು ವರ್ಷದ ಬಡಿಗ್ಯಾ ನೀನು, ಇಷ್ಟು ದೊಡ್ಡ ಹೊಸ್ತಿಲ ಕಾಣಲಿಲ್ಲೇನೋ?”

“ಕಂಡಿತ್ರಿ ಸರ್. ಹೊಸ್ತಿಲ ತನಕ ಟೇಪು ಹಿಡದೆ. ಅದರ ಮ್ಯಾಲ ಹೆಂಗ ಇಡಲಿ? ಶುಕ್ರವಾರ ಇತ್ತು, ಹೂ ಏರಿಸಿದ್ರು.”

“ಎತ್ರಿ, ಎತ್ರಿ ಆಕೀನ” ಎಂದು ನಾಲ್ಕು ಮಂದಿ ಗಂಡಸರು ಧಾವಿಸಿ ಬಂದರು. ಹುಸೇನಬಿ ಎರಡೂ ಗಾಲಿ ಗಟ್ಟಿಯಾಗಿ ಹಿಡಿದಳು.

“ಎತ್ತಬ್ಯಾಡ್ರಿ. ಎತ್ತೋರು ಎರಡು ವರ್ಷದಿಂದ ತಯಾರ ಅದಾರ್ರಿ. ನಾ ಎತ್ತಿಸಿಕೊಂಡು ಒಳಗ ಹೋದ್ರ, ಹೊರಗ ಬರೂದೂ ಎತ್ತೋರ ಕೈಯಾಗ ಇರತೈತಿ. ನನಗ ಬ್ಯಾಸರಾದಾಗ ನಾ ಹೊರಗ ಬರಬೇಕ್ರಿ.”

ಹೀಗೆಂದು ಕುರ್ಚಿ ತಿರುಗಿಸಿ ನನ್ನ ಮೇಲೆಯೇ ಇಳಿದು ಹೋದಳು. ಆಮೇಲೆ ಎಲ್ಲರೂ ಶಿರಾ ತಿಂದರು.

ಮರುದಿನ ಕುಲಸಚಿವರ ಕಚೇರಿಯಿಂದ ಹೊಸ್ತಿಲು ಒಡೆಯಲು ಆದೇಶ ಬಂತು. ಫಕೀರವ್ವ ಪೊರಕೆ ಹಿಡಿದು ಹೊಸ್ತಿಲ ಮುಂದೆ ಕೂತಳು. “ನನ್ನ ಮ್ಯಾಲ ಹಾಯ್ದು ಉಳಿ ಹಚ್ಚರಿ” ಎಂದಳು. ಉಳಿ ಹಚ್ಚಬೇಕಾದ ಕಾಳಪ್ಪನೂ ಕೈ ಮುಗಿದು ಮನೆಗೆ ಹೋದ. ಒಂದು ಸಮಿತಿ ಮಾಡಿದರು. ಸಮಿತಿಗೊಂದು ಉಪಸಮಿತಿ ಆಯಿತು. ಹತ್ತು ದಿನ ಹೋದವು. ಹುಸೇನಬಿ ಅದೇ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು ಬರೆದದ್ದನ್ನೇ ತಿದ್ದುತ್ತಿದ್ದಳು. ಪ್ರಬಂಧದ ನಡುವಿನ ಅಧ್ಯಾಯ ಖಾಲಿ ಉಳಿದಿತ್ತು.

ಹನ್ನೊಂದನೆಯ ದಿನ ಫಕೀರವ್ವ ಹೂವಿಡಲು ಬಂದವಳು ಅವಳ ಕಡೆ ನೋಡದೆ ಕೇಳಿದಳು:

“ನನ್ನ ಮ್ಯಾಲ ಸಿಟ್ಟ ಐತೇನ?”

“ಇಲ್ಲವ್ವ. ನಮ್ಮ ಮನ್ಯಾಗೂ ನಮ್ಮವ್ವ ಹೊಸ್ತಿಲ ತುಳಿಯಾಕ ಬಿಡೂದಿಲ್ಲ. ಕುಂದ್ರಾಕಂತೂ ಬಿಡೂದ ಇಲ್ಲ.”

“ಮತ್ತ ಮನ್ಯಾಗ ಹೆಂಗ ಒಳಗ ಹೊಕ್ಕಿ?”

“ತೆವಳಕೊಂತ ಹೊಕ್ಕೇನಿ. ಮನ್ಯಾಗ ನಾಚಿಕಿ ಏನ? ಇಲ್ಲಿ ಆಗೂದಿಲ್ಲವ್ವ.”

ಫಕೀರವ್ವ ಕೈಯಲ್ಲಿದ್ದ ಹೂವನ್ನು ಹೊಸ್ತಿಲಿಗಿಟ್ಟಳು. ಆಮೇಲೆ ಎದ್ದು ಹೋಗಿ ಕಾಳಪ್ಪನನ್ನು ತೋಳು ಹಿಡಿದು ಎಳೆದುಕೊಂಡು ಬಂದಳು.

“ಹಳ್ಳದ ಮ್ಯಾಲ ಸೇತುವೆ ಕಟ್ಟತಾರಲ್ಲ, ಅದರ ಮ್ಯಾಲ ಹೋದ್ರ ನೀರ ತುಳದಂಗ ಆಗತೈತೇನ?”

“ಇಲ್ಲ.”

“ಹಂಗ ಮಾಡು. ಹೊಸ್ತಿಲಕ್ಕ ತಾಗಬಾರದು. ನನ್ನ ಕೈ ಹೋಗುವಷ್ಟು ಸಂದಿ ಬಿಡು, ಹೂ ಇಡಬೇಕು.”

“ಎತ್ತರ ಎಷ್ಟು ಅಂತ ಅಳೀಬೇಕಲ್ಲ? ನಾ ಟೇಪು ಇಡೂದಿಲ್ಲ ನೋಡು.”

“ನಾ ತೊಳೀತೇನಲ್ಲ, ನಾ ಮುಟ್ಟತೇನಿ” ಎಂದು ಫಕೀರವ್ವ ಬೆರಳು ಜೋಡಿಸಿ ಹೊಸ್ತಿಲ ಪಕ್ಕ ಹಿಡಿದಳು. “ಒಂಬತ್ತು ಬೆರಳು.” ಕಾಳಪ್ಪ ಅವಳ ಬೆರಳುಗಳನ್ನು ಟೇಪಿನಿಂದ ಅಳೆದ. ಹುಸೇನಬಿ ಇಳಿಜಾರಿನ ಲೆಕ್ಕ ಬರೆದುಕೊಟ್ಟಳು. ಹಾಗೆ ಹುಟ್ಟಿದ್ದು ನನ್ನ ಇನ್ನರ್ಧ: ಜಗುಲಿಯಿಂದ ಮೆಲ್ಲಗೆ ಏರಿ, ಹೊಸ್ತಿಲ ಮೇಲೆ ನಾಲ್ಕು ಬೆರಳು ಬಿಟ್ಟು ಹಾಯ್ದು, ಒಳಗೆ ಮೆಲ್ಲಗೆ ಇಳಿಯುವ ಹಲಗೆ, ತನ್ನದೇ ಕಾಲುಗಳ ಮೇಲೆ. ಇಬ್ಬರೂ ಸೇರಿ ನಾವು ಒಬ್ಬರೇ ಆದೆವು. ಉಪಸಮಿತಿ ಆಗಿನ್ನೂ ಎರಡನೆಯ ಸಭೆಯ ದಿನಾಂಕ ಹುಡುಕುತ್ತಿತ್ತು.

ಈ ಸಲ ಶಾಮಿಯಾನ ಇರಲಿಲ್ಲ. ಮಂಗಳವಾರ ಮುಂಜಾನೆ ಹುಸೇನಬಿ ಬಂದು, ಒಮ್ಮೆ ಉಸಿರೆಳೆದುಕೊಂಡು, ಏರಿ, ಹಾಯ್ದು, ಇಳಿದಳು. ಕೆಳಗೆ ಹೊಸ್ತಿಲು ಅರಿಶಿನ ಹಚ್ಚಿಕೊಂಡು ತಣ್ಣಗೆ ಮಲಗಿತ್ತು. ಇಟಗಿ ಸರ್ ಎದ್ದು ನಿಂತರು. ಅವಳು ಓದುವ ಮೇಜಿಗೆ ಹೋಗಲಿಲ್ಲ. ಕಪಾಟುಗಳ ನಡುವೆ ಸುಮ್ಮನೆ ಅಡ್ಡಾಡಿದಳು, ಸಂತೆಗೆ ಬಂದವಳ ಹಾಗೆ.

“ಏನ್ ಬೇಕ ಹೇಳಮ್ಮ, ತಗಸಿ ಕೊಡತೇನಿ.”

“ಬೇಕಾದದ್ದು ಗೊತ್ತೈತ್ರಿ ಸರ್. ಅದರ ಬಾಜೂಕ ಏನಿರತೈತಿ, ಅದನ್ನ ನೋಡಬೇಕ್ರಿ. ಅದನ್ನ ಚೀಟ್ಯಾಗ ಬರಿಯಾಕ ಬರೂದಿಲ್ಲಲ್ಲ.”

ಮೂರನೆಯ ದಿನ ಮಾರುಕಟ್ಟೆಯ ವರದಿಗಳ ಪಕ್ಕ, ಯಾರೋ ತಪ್ಪಿ ಇಟ್ಟಿದ್ದ ಒಂದು ತೆಳುವಾದ ದಫ್ತರ ಸಿಕ್ಕಿತು. ಹತ್ತಿ ಹಿಂಜುವ ಹೆಂಗಸರ ಹೆಸರು, ಊರು, ದಿನದ ಕೂಲಿ, ಎಲ್ಲ ಅದರಲ್ಲಿ. ಆ ಹೆಂಗಸರ ಬಗ್ಗೆ ಅಲ್ಲಿಯವರೆಗೆ ಯಾರೂ ಒಂದು ಸಾಲೂ ಬರೆದಿರಲಿಲ್ಲ.

“ಸಿಕ್ತು!” ಎಂದು ಹುಸೇನಬಿ ಚೀರಿದಳು.

ಇಡೀ ಓದುವ ಕೋಣೆ “ಶ್!” ಎಂದಿತು. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಫಕೀರವ್ವ ಅದಕ್ಕಿಂತ ಜೋರಾಗಿ, “ಏನ್ ಸಿಕ್ತ ಯವ್ವಾ?” ಎಂದಳು.

“ಬಾ ಇಲ್ಲಿ, ಓದಿ ಹೇಳತೇನಿ. ಕುಂದ್ರು.”

ಫಕೀರವ್ವ ಇಪ್ಪತ್ತೆರಡು ವರ್ಷ ಆ ಕುರ್ಚಿಗಳನ್ನು ಒರೆಸಿದ್ದಳು. ಒಂದರ ಮೇಲೂ ಕೂತಿರಲಿಲ್ಲ. ಇಟಗಿ ಸರ್ ಕಡೆ ನೋಡಿದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: “ಕುಂದ್ರು ಫಕೀರವ್ವ. ಎಂದೋ ನಾ ಹೇಳಬೇಕಿತ್ತು. ಮೆಲ್ಲಕ ಮಾತಾಡ್ರಿ ಅಷ್ಟ.” ಅವಳು ಕುರ್ಚಿಯ ತುದಿಯಲ್ಲಿ ಕೂತಳು. ನೂರು ವರ್ಷದ ಹಿಂದಿನ ಹೆಸರುಗಳನ್ನು ಹುಸೇನಬಿ ಒಂದೊಂದಾಗಿ ಓದಿದಳು. ಪ್ರತಿ ಹೆಸರಿಗೂ ಫಕೀರವ್ವ, ಪರಿಚಯದವರ ಸುದ್ದಿ ಕೇಳಿದಂತೆ, “ಹೂಂ” ಎಂದಳು. ಅರ್ಧಕ್ಕೆ ಬರುವ ಹೊತ್ತಿಗೆ ಬೆನ್ನು ಕುರ್ಚಿಗೆ ಒರಗಿತ್ತು.

ಪ್ರಬಂಧ ಮೇ ಹದಿನಾಲ್ಕಕ್ಕೇ ಮುಗಿಯಿತು.

ಆಮೇಲೆ ನನ್ನ ಮೇಲೆ ಯಾರು ಯಾರು ಹೋದರು! ಕೈಗೋಲು ತಟ್ಟುತ್ತ ಬಂದ ಕುರುಡು ಹುಡುಗ ನನ್ನ ರಬ್ಬರಿನ ಸಪ್ಪಳ ಕೇಳಿ ಬಾಗಿಲು ಗುರುತಿಸಿದ. ಕೂಸಿನ ಗಾಡಿ ತಳ್ಳಿಕೊಂಡು ಒಬ್ಬ ಅಧ್ಯಾಪಕಿ ಬಂದಳು. ಪುಸ್ತಕದ ಮೂಟೆ ಹೊರುತ್ತಿದ್ದ ಹಮಾಲರು ತಳ್ಳುಗಾಡಿ ತಂದು, ಈ ಹಲಗೆ ಮೊದಲೇ ಇದ್ದಿದ್ದರೆ ನಮ್ಮ ಸೊಂಟ ಉಳಿಯುತ್ತಿತ್ತು ಎಂದರು. ಮೊಣಕಾಲು ಆಪರೇಷನ್ ಆದ ಮೇಲೆ ಇಟಗಿ ಸರ್ ಕೂಡ, ಯಾರೂ ನೋಡುತ್ತಿಲ್ಲವೆಂದುಕೊಂಡು, ನನ್ನ ಮೇಲೆಯೇ ಬಂದರು. ಸಂಜೆ ಹಳಿಯಾಳದ ಕಡೆಯ ಸಿದ್ದಿ ಹುಡುಗಿಯೊಬ್ಬಳು ನನ್ನ ಅಂಚಿನಲ್ಲಿ ಕೂತು ಅಂಗೈಯಿಂದ ತಾಳ ಹಾಕುತ್ತಿದ್ದಳು; ಗೆಳತಿಯರು ಒಬ್ಬೊಬ್ಬರು ತಮ್ಮೂರಿನ ಹಾಡು ಹೇಳುತ್ತಿದ್ದರು. ಒಬ್ಬಳಿಗಾಗಿ ಮಾಡಿದ ದಾರಿ ಎಷ್ಟು ಮಂದಿಗೆ ಬೇಕಾಗಿತ್ತು ಎಂಬುದು ದಾರಿ ಆದ ಮೇಲೆಯೇ ತಿಳಿದದ್ದು.

ಹದಿನಾರು ವರ್ಷ ಕಳೆದವು. ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ನೆಲ, ಬಾಗಿಲು ಎಲ್ಲ ಒಂದೇ ಸಮ, ನನ್ನಂಥವರು ಬೇಕಿಲ್ಲ. ನನ್ನನ್ನು ಮೊದಲು ಹಾಸ್ಟೆಲಿಗೆ ಒಯ್ದರು, ಅಕ್ಕಿ ಚೀಲದ ಗಾಡಿ ಹತ್ತಿಸಲು. ಆಮೇಲೆ ಆಟದ ಮೈದಾನಕ್ಕೆ. ರಬ್ಬರು ಹರಿದ ಮೇಲೆ ಕಾಳಪ್ಪನ ಕೊಟ್ಟಿಗೆಯ ಹಿಂದೆ, ಹುಣಸೆ ಮರದ ಕೆಳಗೆ ತಂದು ಒರಗಿಸಿದ್ದಾರೆ. ಈಗ ಅಳಿಲುಗಳು ಹತ್ತಿ ಇಳಿಯುತ್ತವೆ.

ಕಾಳಪ್ಪನಿಗೆ ಕಣ್ಣು ಮಂಜಾಗಿದೆ, ನಾಲಿಗೆ ಮಂಜಾಗಿಲ್ಲ. ಸುದ್ದಿ ಎಲ್ಲ ಅವನಿಂದಲೇ ತಿಳಿಯುತ್ತದೆ. ಹುಸೇನಬಿ ಇದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಾಳೆ. ಫಕೀರವ್ವ ನಿವೃತ್ತಳಾದಳು, ಹಳೆಯ ಕಟ್ಟಡದ ಹೊಸ್ತಿಲಿಗೆ ಈಗ ಹೂವಿಡುವವರಿಲ್ಲ. ಅದು ನಷ್ಟವೇ. ಹುಸೇನಬಿ ಹೊರಗೆ ಕಾದ ಎರಡು ವರ್ಷವೂ ನಷ್ಟವೇ, ಅದನ್ನು ಯಾರೂ ತುಂಬಿಕೊಡಲಿಲ್ಲ. ಸಿಕ್ಕಿದ್ದು ಇಷ್ಟು: ಅವಳು ತಾನಾಗಿ ಒಳಗೆ ಹೋದಳು, ಸಾಕೆನಿಸಿದಾಗ ತಾನಾಗಿ ಹೊರಗೆ ಬಂದಳು.