ಗಂಗಾಧರ್ ಮೇಷ್ಟ್ರ ಮವಶಿಗೆರಿ

ಎರಡು ವರ್ಷಗಳಲ್ಲಿ ಗಂಗಾಧರ್ ಮೇಷ್ಟ್ರು ತಿಂದ ಒದೆಗಳನ್ನು ಸಾಲಾಗಿ ಜೋಡಿಸಿದ್ದರೆ, ಆ ಸಾಲು ಕೊಪ್ಪದಿಂದ ಹೊರಟು ಶೃಂಗೇರಿ ಮುಟ್ಟಿ, ಅಲ್ಲಿ ಮಠದ ಊಟ ಮುಗಿಸಿಕೊಂಡು ವಾಪಸ್ ಬರುತ್ತಿತ್ತು. ಸುಳ್ಳೆನ್ನುವವರು ಅವರ ಪಕ್ಕೆಲುಬು ಮುಟ್ಟಿ ನೋಡಲಿ.

ಮೇಷ್ಟ್ರು ಹಗಲು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವರು. ಸಂಜೆ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ ಹನ್ನೆರಡು ವರ್ಷದಿಂದ ಕರಾಟೆ ಹೇಳಿಕೊಡುವವರು. ಇಂಗ್ಲಿಷ್ ಎಂದರೆ ಎಂಥ ಇಂಗ್ಲಿಷ್! ಅವರು ಬೈದರೆ ಬಸರೀಕಟ್ಟೆಯ ಎಸ್ಟೇಟ್ ನಾಯಿಗಳು ಹೊಗಳಿಕೆ ಎಂದುಕೊಂಡು ಬಾಲ ಆಡಿಸುತ್ತಿದ್ದವು. ಆದರೆ ಸೊಂಟದಲ್ಲಿ ಇದ್ದದ್ದು ಇನ್ನೂ ಕಂದು ಪಟ್ಟಿ. ಕಪ್ಪು ಪಟ್ಟಿಯ ಪರೀಕ್ಷೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ್ದರು. ಮೂರನೆಯ ಸಲವೂ ಸೋತರೆ ಕೊಪ್ಪದ ತರಗತಿ ಶೃಂಗೇರಿಯಲ್ಲಿ ಕರಾಟೆ ಕಲಿಸುವ ಮಹೇಶ್ವರನ ಪಾಲು ಎಂದು ಅವರ ಕರಾಟೆ ಸಂಘ ತೀರ್ಮಾನಿಸಿತ್ತು.

ಆ ಪರೀಕ್ಷೆಯ ನಿಯಮ ಒಂದೇ. ಹೊಡೆಯುವಾಗ ಆ ಹೊಡೆತದ ಜಪಾನಿ ಹೆಸರನ್ನು ಕೂಗಬೇಕು. ಹೆಸರು ಕೆಟ್ಟರೆ ಏಟು ಬಿದ್ದರೂ ಬಿದ್ದಂತಲ್ಲ; ಏಟು ತಪ್ಪಿದರೆ ಹೆಸರು ಕೂಗಿದ್ದೂ ದಂಡ. ಮೇಷ್ಟ್ರಿಗೆ ಎರಡೂ ಕೈಕೊಡುತ್ತಿದ್ದವು.

ಉಚ್ಚಾರಣೆ ಗೆದ್ದರೆ ಏಟು ತಾನಾಗಿ ಬೀಳುತ್ತದೆ ಎಂದು ಮೇಷ್ಟ್ರು ನಂಬಿದರು. ಕಲಿಸಲು ಯಾರೂ ಇಲ್ಲ. ಇದ್ದದ್ದು ಮೊಬೈಲಿನಲ್ಲಿ ಇಂಗ್ಲಿಷಿನವರು ಇಂಗ್ಲಿಷಿನವರಿಗೆ ಮಾಡಿದ ಪಾಠ. 'ಫು' ಕಲಿಯಲು ತುಟಿಯ ಮುಂದೆ ಮೇಣದಬತ್ತಿ ಹಚ್ಚಿಕೊಂಡು ಅರ್ಧ ಮೀಸೆ ಸುಟ್ಟುಕೊಂಡರು. 'ತ್ಸು' ಕಲಿಯಲು ಹೋಗಿ ನಾಲಿಗೆಯನ್ನು ಸೀಳುವಂತೆ ಕಚ್ಚಿಕೊಂಡು, ಒಂದು ವಾರ ಹಾವಿನ ಹಾಗೆ ಗಂಜಿ ಹೀರಿದರು. ಇನ್ನು 'ರಿ'! ಅದು ರ ಅಲ್ಲ, ಲ ಅಲ್ಲ, ಡ ಅಲ್ಲ, ನಡುವೆ ಎಲ್ಲೋ ಇದೆ ಎಂದು ಪಾಠ ಹೇಳಿತ್ತು. ಆ ನಡುವನ್ನು ಹುಡುಕುತ್ತ ಹನ್ನೊಂದು ತಿಂಗಳು ಬಚ್ಚಲಲ್ಲಿ ಗರಗರ ಎನ್ನುತ್ತಿದ್ದಾಗ ಒಂದು ಬೆಳಿಗ್ಗೆ ತಾಯಿ ಬಸವಮ್ಮ ಬಾಗಿಲು ಬಡಿದರು.

"ಎಂತದೋ ಅದು? ಗಂಟ್ಲಲ್ಲಿ ಹಲಸಿನ ಮೇಣ ಸಿಕ್ಕಿದ್ಯಾ?"

"ಜಪಾನಿ 'ರಿ' ಅಮ್ಮಾ. ಭಾರೀ ಕಷ್ಟ. ಇಂಗ್ಲಿಷಲ್ಲೇ ಇಲ್ಲ."

"ಇಂಗ್ಲಿಷಲ್ಲಿ ಇಲ್ದಿದ್ರೆ ಅಡಿಗೆಮನೇಲಿ ಅದೆ. ನಿಮ್ಮಪ್ಪನ್ನ ನಲವತ್ತು ವರ್ಷ 'ರೀ, ರೀ' ಅಂತ ಕರ್ದಿದೀನಿ. ಒಂದಿನಾದ್ರೂ ಮೇಣದಬತ್ತಿ ಹಚ್ಚಿದೀನಾ?"

ಹನ್ನೊಂದು ತಿಂಗಳು ಸಿಗದ 'ರಿ' ಅರ್ಧ ನಿಮಿಷದಲ್ಲಿ ಸಿಕ್ಕಿತು. ಮೇಷ್ಟ್ರು ಅದೇ ಸಂಜೆ ಪಟ್ಟಿ ಬಿಗಿದು ಅಭ್ಯಾಸಕ್ಕೆಂದು ಗಿಡ್ಡಯ್ಯನ ಎದುರು ನಿಂತರು.

ಗಿಡ್ಡಯ್ಯ ಬೇಗಾರಿನ ಕೊನೆಗೌಡ. ಅಡಿಕೆ ಮರ ಹತ್ತಿ, ಗೊನೆ ಕೊಯ್ದು, ಹಗ್ಗದ ಮೇಲೆ ಜಾರಿಸಿ ಕೆಳಗಿಳಿಸುವುದು ಅವನ ಕಸುಬು. ಇಂಗ್ಲಿಷ್ ಒಂದಕ್ಷರ ಬಾರದವನು ಹೋದ ವರ್ಷ ಮೊದಲ ಸಲಕ್ಕೇ ಕಪ್ಪು ಪಟ್ಟಿ ಕಟ್ಟಿಸಿಕೊಂಡಿದ್ದ. ಪರೀಕ್ಷೆಗೆ ಬಂದವರಿಗೆಲ್ಲ ಎದುರಾಳಿಯಾಗಿ ನಿಲ್ಲುವವನೂ ಅವನೇ. ಅವನ ಮೊಣಕೈ ತಾಗಿ ಮರಗಳೇ ಕ್ಷಮೆ ಕೇಳಿ ಪಕ್ಕಕ್ಕೆ ಸರಿದದ್ದುಂಟು.

"ಮವಾಆಶಿಗೆರಿ!" ಎಂದು ಮೇಷ್ಟ್ರು ಕಾಲು ಬೀಸಿ ಒದ್ದರು. 'ರಿ' ಟೋಕಿಯೋದವರೇ ತಲೆದೂಗುವಂತಿತ್ತು. ಕಾಲು ಗಾಳಿಗೆ ಬಡಿಯಿತು. ಗಿಡ್ಡಯ್ಯ ಆಗಲೇ ಬಗ್ಗಿ, "ತಪ್ಪು ತಿಳ್ಕಬೇಡಿ ಮೇಷ್ಟ್ರೇ" ಎಂದು ವಿನಯದಿಂದ ಹೇಳಿ, ಎದೆಗೆ ಒಂದು ಗುದ್ದು ಇಟ್ಟ. ಪಕ್ಕೆಲುಬು ಒಣಕಡ್ಡಿಯಂತೆ ಲಟಕ್ಕೆಂದಿತು. ಎರಡನೆಯ ಸಲ ಮೂಗು ಕೆಂಪು ನಲ್ಲಿಯಾಯಿತು. ಮೂರನೆಯ ಸಲ ಹುಬ್ಬು ಸೀಳಿ, ರಕ್ತ ಗೋಡೆಯ ಕ್ಯಾಲೆಂಡರಿಗೆ ಹಾರಿ, ತಿಂಗಳಿಡೀ ಭಾನುವಾರವಾಯಿತು.

"ಸಾಕು ಮಾರಾಯ್ರೇ," ಎಂದು ಗಿಡ್ಡಯ್ಯ ಕೈ ಕೊಡವಿದ. "ನಿಮ್ಗೆ ಹೊಡ್ದು ಹೊಡ್ದು ನಂಗೇ ಬೇಜಾರು ಬಂತು."

"ನಾನು ಒದೆಯೋದು ನಿಂಗೆ ಮೊದ್ಲೇ ಹೆಂಗೆ ಗೊತ್ತಾಗ್ತದೆ?" ಮೇಷ್ಟ್ರು ರಕ್ತ ನುಂಗುತ್ತ ಕೇಳಿದರು.

"ನೀವೇ ಹೇಳ್ತೀರಲ್ಲ! 'ವಾ' ಅಂತ ಒತ್ತಿ ಕೂಗ್ತೀರಿ, ಅದ್ರ ಬೆನ್ನಿಗೇ ಕಾಲು ಬರ್ತದೆ. ನಾಳೆ ತೋಟಕ್ಕೆ ಬಂದು ಹಗ್ಗ ಹಿಡೀರಿ, ಗೊತ್ತಾಗ್ತದೆ."

ಮರುದಿನ ಗಿಡ್ಡಯ್ಯ ಮರದ ತುದಿಯಲ್ಲಿ, ಮೇಷ್ಟ್ರು ಬುಡದಲ್ಲಿ ಹಗ್ಗ ಹಿಡಿದು. ಗೊನೆ ಬಿಡುವ ಮುಂಚೆ ಮೇಲಿನವನು ಕೂಗಬೇಕು. ಕೂಗಿನಲ್ಲಿ ಉಸಿರು ಎಲ್ಲಿ ಬಿಗಿಯಿತೋ ಅಲ್ಲಿ ಗೊನೆ ಕೈಬಿಟ್ಟಿತು ಎಂದು ಕೆಳಗಿನವನು ತಿಳಿಯಬೇಕು. ಗಿಡ್ಡಯ್ಯ ಮರ ಹತ್ತುವ ಮೊದಲು ಹತ್ತು ವರ್ಷ ಕೆಳಗೆ ನಿಂತು ಈ ಕಿವಿ ಬೆಳೆಸಿಕೊಂಡಿದ್ದ.

"ಬಂತೋಓ!" ಗೊನೆ ಬಂತು. ಮೇಷ್ಟ್ರು ಹಿಡಿದರು. ಎಂಟು ಗೊನೆ ಸಲೀಸಾಗಿ ಹಿಡಿದರು.

"ಈಗ ಇದನ್ನ ಹಿಡೀರಿ," ಎಂದು ಗಿಡ್ಡಯ್ಯ ಭತ್ತ ಅಳೆಯುವವನಂತೆ ಕೂಗಿದ: "ಮ-ವ-ಶಿ-ಗೆ-ರಿ."

ಐದು ಅಕ್ಷರ, ಐದೂ ಒಂದೇ ಅಳತೆ. ಎಲ್ಲಿ ಕಾಯಬೇಕೆಂದು ಮೇಷ್ಟ್ರಿಗೆ ತಿಳಿಯುವ ಮೊದಲೇ ಗೊನೆ ಎದೆಗೆ ಗುದ್ದಿ, ಅವರನ್ನು ಮೂರು ಕಾಲುವೆ ಆಚೆ ಎಸೆಯಿತು. ಕೆಸರಲ್ಲಿ ಅಂಗಾತ ಬಿದ್ದವರಿಗೆ ತಮ್ಮ ತಪ್ಪು ಹೊಳೆಯಿತು. ಒಂದು ಅಕ್ಷರಕ್ಕೆ ಮೆರವಣಿಗೆ ಮಾಡಿ ಉಳಿದವನ್ನು ತುಳಿಯುವುದು ಅವರ ಇಂಗ್ಲಿಷ್ ಚಾಳಿ.

ಹದಿನೈದು ದಿನ ಅದೇ ಕೆಲಸ. ಮೇಷ್ಟ್ರು ಕೆಳಗಿನಿಂದ ಕೂಗಬೇಕು. ಒಂದು ಅಕ್ಷರ ಉಬ್ಬಿದರೂ ಮೇಲಿನಿಂದ ಒಂದು ಗೊನೆ. ಅವರ ಮೈಯಲ್ಲಿ ನೀಲಿಯಾಗದ ಜಾಗ ಅಂಗೈ ಅಗಲ ಉಳಿಯಲಿಲ್ಲ.

ಪರೀಕ್ಷೆ ನರಸಿಂಹರಾಜಪುರದ ಕಲ್ಯಾಣಮಂಟಪದಲ್ಲಿ. ಜಪಾನಿನಿಂದ ಬಂದ ಪರೀಕ್ಷಕಿ ನಾಲ್ಕೂವರೆ ಅಡಿಯ ಅಜ್ಜಿ. ಆಕೆ ದಿಟ್ಟಿಸಿದರೆ ಫ್ಯಾನು ತಿರುಗಲು ಹೆದರುತ್ತಿತ್ತು. ಮುಂದಿನ ಸಾಲಿನಲ್ಲಿ ಮಹೇಶ್ವರ, ತನಗೆ ತಾನೇ ಹಾಕಿಕೊಳ್ಳಲು ಹಾರ ತಂದು ಕುಳಿತಿದ್ದ.

ಗಿಡ್ಡಯ್ಯ ದಾಕ್ಷಿಣ್ಯ ತೋರಲಿಲ್ಲ. ಮೊದಲ ಏಟಿಗೆ ಮೇಷ್ಟ್ರ ಎಡಗಣ್ಣು ಮುಚ್ಚಿತು. ಎರಡನೆಯದಕ್ಕೆ ದವಡೆಹಲ್ಲು ಕಿತ್ತು ಬಂತು. ಮೂರನೆಯದಕ್ಕೆ ನೆಲಕ್ಕೆ ಬಿದ್ದು, ತಮ್ಮದೇ ರಕ್ತದಲ್ಲಿ ಜಾರಿ, ಕಂಬ ಹಿಡಿದು ಎದ್ದರು. ಒದೆಯಲು ಉಳಿದದ್ದು ಒಂದೇ ಅವಕಾಶ.

ಮಹೇಶ್ವರ ಹಾರದ ಪೊಟ್ಟಣ ಬಿಡಿಸತೊಡಗಿದ.

"ಮ-ವ-ಶಿ-ಗೆ-ರಿ."

ಕೂಗಲಿಲ್ಲ, ಅಳೆದು ಸುರಿದರು. ಗಿಡ್ಡಯ್ಯನ ಕಿವಿ 'ವಾ' ಬರಲೆಂದು ಕಾದೇ ಕಾಯಿತು. ಕಾಲು ಬಂದು ದವಡೆಗೆ ಬಡಿದ ಸದ್ದಿಗೆ ಭದ್ರಾ ಹಿನ್ನೀರಿನ ಮೀನುಗಳು ದಡಕ್ಕೆ ಹಾರಿದವು. ಗಿಡ್ಡಯ್ಯನ ಎರಡು ಹಲ್ಲು ಹಾರಿ ಹೋಗಿ ಮಹೇಶ್ವರನ ಹಾರದಲ್ಲಿ ಮಲ್ಲಿಗೆಯಂತೆ ಕೂತವು. ಅಜ್ಜಿ ಎದ್ದು ಬಂದು ಮೇಷ್ಟ್ರ ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿದರು. ಬಾಯಿಂದ ಅದರ ಮೇಲೆ ತೊಟ್ಟಿಕ್ಕಿದ ರಕ್ತ ಯಾರಿಗೂ ಕಾಣಲಿಲ್ಲ. ಕಪ್ಪು ಬಣ್ಣದ ದೊಡ್ಡತನ ಅದು.

ಗಿಡ್ಡಯ್ಯ ಅಂಗಾತ ಮಲಗಿದ್ದಲ್ಲೇ ಕೆಂಪು ಬಾಯಿ ತೆರೆದು ನಕ್ಕ. "ನನ್ ಕಿವಿ ಇನ್ನೂ ಆ 'ವಾ'ಕ್ಕೆ ಕಾಯ್ತಾ ಅದೆ ಮಾರಾಯ್ರೇ!"

ಮೇಷ್ಟ್ರು ಕುಂಟುತ್ತ ಹೋಗಿ ಅವನಿಗೆ ಕೈ ಕೊಟ್ಟರು.

"ತಪ್ಪು ತಿಳ್ಕಬೇಡ ಗಿಡ್ಡಯ್ಯ."