ಗಂಗೂಬಾಯಿಯ ಕವದಿ ಕೋಟು

ಮಾಗಿಯ ಬೆಳಗಿನಲ್ಲಿ ಗಡಿಯೂರು ಜುಗೂಳದ ಗಂಡಸರೆಲ್ಲ ಕಬ್ಬಿನ ಒಣಗರಿಯ ರವದಿ ಉರಿಸಿ, ಆ ಶೆಕೋಟಿಯ ಬೆಂಕಿಯ ಸುತ್ತ ಕುಕ್ಕರುಗಾಲಲ್ಲಿ ಕೂತು ಅಂಗೈ ಕಾಸಿಕೊಳ್ಳುವ ಹೊತ್ತಿಗೆ, ಅವರ ಬೆನ್ನ ಹಿಂದಿನಿಂದ ಬೆಂಕಿಯ ಕಡೆ ಕಣ್ಣೂ ಹಾಯಿಸದೆ ಹಾದು ಹೋಗುವ ಆಕೃತಿಯೊಂದಿದೆ. ಮೊಣಕಾಲಿಗಿಳಿದ ಕವದಿಯ ಕೋಟು, ಕೈಯಲ್ಲಿ ಹಾಲಿನ ಕ್ಯಾನು, ಹಿಮ್ಮಡಿಯನ್ನು ನೆಲಕ್ಕೆ ಅಪ್ಪಳಿಸುವ ನಡಿಗೆ. ಇಷ್ಟು ಕಂಡರೆ ಸಾಕು, ಮಂಜಿನಲ್ಲಿ ಮುಖ ಕಾಣದಿದ್ದರೂ ಅದು ಗಂಗೂಬಾಯಿಯೇ.

ಉರಿಗೆ ಬಿದ್ದು ಸಾಯುವ ಹುಳಹುಪ್ಪಟೆಯ ಪಾಪ ಹೊತ್ತು ತಾನು ಬೆಚ್ಚಗಾಗಲಾರೆನೆಂಬುದು ಆ ಜೈನ ಹೆಂಗಸಿನ ಹಟ. ಸೂರ್ಯ ಮೂಡುವವರೆಗೆ ಬಾಯಿಗೆ ನೀರೂ ಇಲ್ಲ, ಹೀಗಾಗಿ ಚಹಾದ ಆಸೆ ತೋರಿಸಿಯೂ ಆಕೆಯನ್ನು ಕರೆಯುವಂತಿಲ್ಲ. ಗಂಡ ಪಾರಿಸನೋ ಶೆಕೋಟಿಯ ಮುಂದಿನ ಸಾಲಿನ ಗಿರಾಕಿ.

"ಒಲಿಯಾಗ ಹುಳಾ ಬೀಳೂದಿಲ್ಲೇನ?" ಎಂದು ಆತ ಒಮ್ಮೆ ಕೆಣಕಿದ್ದ.

"ಒಲಿ ಹೊಟ್ಟಿಗೆ. ಇದು ನಿಮ್ಮ ಹರಟಿಗೆ, ಬರ ಕಾ," ಎಂದಳು. ‘ತಿಳೀತಾ’ ಎನ್ನುವ ಮರಾಠಿಯ ಆ ‘ಬರ ಕಾ’ ಆಕೆಯ ಬಾಯಿಂದ ಬಿತ್ತೆಂದರೆ ಮಾತು ಅಲ್ಲಿಗೆ ಮುಗಿದಂತೆ.

ಕೋಟನ್ನು ಹೊಲಿದವಳೂ ಆಕೆಯೇ. ಪಾರಿಸನ ಹರಿದ ಧೋತರ, ಮಗ ಅಭಿನಂದನನ ಶಾಲೆಯ ಖಾಕಿ ಚಡ್ಡಿ, ತನ್ನ ಮದುವೆ ಸೀರೆಯ ಸೆರಗು, ಎಲ್ಲವೂ ಅದರಲ್ಲಿ ಒಂದಕ್ಕೊಂದು ಅಂಟಿಕೊಂಡು ಸಂಸಾರ ಮಾಡುತ್ತಿವೆ. ಎಡಗಿಸೆಯಲ್ಲಿ ಎಮ್ಮೆಗೆಂದು ಬೆಲ್ಲದ ಹೆಂಟೆ. ಚಳಿ ಮುಗಿಯುವವರೆಗೆ ಕೋಟನ್ನು ಒಗೆಯಲು ಕೊಡಳು, ಇನ್ನೊಬ್ಬರ ಹೆಗಲಿಗಂತೂ ಏರಿಸಿದ್ದೇ ಇಲ್ಲ. ಸೊಸೆ ಮೇಘಾ ಮಿರಜಿನಿಂದ ಮಿರಮಿರ ಮಿಂಚುವ ಜಾಕೀಟು ತಂದುಕೊಟ್ಟರೆ, "ಇದನ್ನ ಹಾಕ್ಕೊಂಡ್ರ ಎಮ್ಮಿ ನನ್ನ ಗುರುತ ಹಿಡೀತೈತೇನ?" ಎಂದು ನಕ್ಕು ಆಕೆಗೇ ತೊಡಿಸಿದಳು. ಕೋಟಿನ ವಾಸನೆಗೆ ಮೂಗು ಮುರಿಯುತ್ತಿದ್ದ ಮೇಘಾ ಒಳಗೊಳಗೇ ಹಿಗ್ಗಿದಳು.

ಈ ಸಲದ ಚಳಿಯಲ್ಲಿ ಗಂಗೂಬಾಯಿ ಕೊಟ್ಟಿಗೆಯ ಒದ್ದೆ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರು ಕಟ್ಟಿದ ಕೈ ಕೋಟಿನ ತೋಳಿಗೆ ಹೊಗಲಿಲ್ಲ. ಎಮ್ಮೆಯ ಕರು ಬದುಕಿರಲಿಲ್ಲ. ಅದು ಸತ್ತಂದಿನಿಂದ ಎಮ್ಮೆ ತೊರೆ ಬಿಟ್ಟು ಹಾಲಿಳಿಸುತ್ತಿದ್ದದ್ದು ಗಂಗೂಬಾಯಿಯೊಬ್ಬಳಿಗೇ. ಹಿಂಡಲು ಕೂತ ಮೇಘಾಳ ಜಾಕೀಟಿನ ಸರಬರ ಸಪ್ಪಳ ಕೇಳಿದ್ದೇ ತಡ, ಅದು ಒದ್ದು ಚರಿಗೆ ಉರುಳಿಸಿತು. ಗಂಗೂಬಾಯಿಯೇ ಬಂದು ಕೊರಳು ಸವರಿದಳು. ಆಕೆಯ ಮೈಯ ಮುಲಾಮಿನ ವಾಸನೆಗೆ ಎಮ್ಮೆ ಮುಖ ತಿರುವಿತು. ಸಂಜೆಗೆ ಕೆಚ್ಚಲು ಕಲ್ಲಾಯಿತು. ಇನ್ನೂ ಹೀಗೇ ಬಿಟ್ಟರೆ ಬಾವು ಏರಿ ಎಮ್ಮೆ ಕೈತಪ್ಪುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನಸುಕಿನಲ್ಲಿ ಮೇಘಾ ಬಾಗಿಲಲ್ಲಿ ನಿಂತಳು. "ಅತ್ತಿ, ನಿಮ್ಮ ಕೋಟ ಕೊಡ್ರಿ."

ಗಂಗೂಬಾಯಿ ಗೂಟದ ಮೇಲಿನ ಕೋಟನ್ನು ನೋಡಿದಳು, ಸೊಸೆಯನ್ನು ನೋಡಿದಳು. ಕೊಡಲು ಸಂಕಟವಾಯಿತು, ನಿಜ. ಆಮೇಲೆ ಒಂದೇ ಕೈಯಲ್ಲಿ ಅದನ್ನಿಳಿಸಿ ತಾನೇ ತೊಡಿಸಿ, ಗುಂಡಿ ಹಾಕಿ, ಕಿಸೆಗೆ ಬೆಲ್ಲ ತುರುಕಿದಳು. "ಮೊದಲ ಕೈ ಬಗಲಾಗ ಬೆಚ್ಚಗ ಮಾಡ್ಕೊ, ಆಮ್ಯಾಲ ಮುಟ್ಟು. ಬರ ಕಾ."

ಎಮ್ಮೆ ಕೋಟನ್ನು ಮೂಸಿತು, ಬೆಲ್ಲ ಮೆದ್ದಿತು, ಮತ್ತೆ ಮೂಸಿತು. ತಡವಾಗಿ, ಚರಿಗೆಯ ತಳಕ್ಕೆ ಹಾಲಿನ ಧಾರೆ ಬಿದ್ದ ಸದ್ದು ಕೇಳಿದಾಗ ಗಂಗೂಬಾಯಿಗೆ ಕಣ್ಣು ತುಂಬಿ ಬಂತು.

ಕ್ಯಾನು ಹಿಡಿದು ಹೊರಟ ಮೇಘಾ ಶೆಕೋಟಿಯ ಹಿಂದೆ ಹಾಯುವಾಗ, ಪಾರಿಸನ ಪಕ್ಕ ಕೂತಿದ್ದ ಗುರಪ್ಪ ತಿರುಗಿಯೂ ಸರಿಯಾಗಿ ನೋಡದೆ ಕೂಗಿದ, "ಏ ಗಂಗೂಬಾಯಿ, ಕೈ ಇಷ್ಟ ಲಗೂನ ಕೂಡಿತೇನ?"

ಹಿಂದೆಯೇ ಬರುತ್ತಿದ್ದ ಗಂಗೂಬಾಯಿ, ಒಂದು ತೋಳು ಜೋತಾಡುವ ಆ ಮಿರಮಿರ ಜಾಕೀಟಿನಲ್ಲಿ, ನಡುಗುತ್ತಲೇ ತಲೆ ಎತ್ತಿ ಹೇಳಿದಳು: "ಅದು ನಾ ಅಲ್ಲೋ. ನನ್ನ ಸೊಸಿ!"

ಅಂದೂ ಆಕೆ ಬೆಂಕಿಯ ಬಳಿ ನಿಲ್ಲಲಿಲ್ಲ. ಇಂಥವರನ್ನು ಹಟಮಾರಿಗಳೆಂದು ನಗುವುದು ಸುಲಭ. ಊರ ಬೆಂಕಿಗೆ ಕೈಯೊಡ್ಡದೆ ತಮ್ಮ ಬಿಸುಪನ್ನು ತಾವೇ ಚಿಂದಿ ಕೂಡಿಸಿ ಹೊಲಿದುಕೊಂಡವರು ಅವರು. ಅದನ್ನು ಸುಲಭಕ್ಕೆ ಯಾರಿಗೂ ಬಿಟ್ಟುಕೊಡುವವರಲ್ಲ. ಕೊಟ್ಟ ದಿನ ಮಾತ್ರ, ಕೊಟ್ಟವರ ನಡಿಗೆಯನ್ನು ನೋಡಬೇಕು.