ಎಕ್ಟಮಿ ಅಂದರೆ ಕತ್ತರಿ

ಬೀದಿಯವರೆಲ್ಲ ಅವರನ್ನು ಟೈಲರಮ್ಮ ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಮೂವತ್ತೈದು ವರ್ಷ ಕಳೆದಿದ್ದವು. ಆ ಸುತ್ತಿನ ಸ್ಕೂಲು ಮಕ್ಕಳ ಯೂನಿಫಾರಂ ಬಹುಪಾಲು ಅವರ ಕೈಯಿಂದಲೇ ಹೋಗುತ್ತಿತ್ತು. ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸೊಸೆ ಹೆಂಗಸರ ಸರ್ಜರಿ ವಾರ್ಡಿನಲ್ಲಿ ನರ್ಸ್.

ಸೊಸೆ ಡ್ಯೂಟಿ ಮುಗಿಸಿ ಬಂದವಳೇ ಕೈಕಾಲು ತೊಳೆದು, ಟೀ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲ ಬಳಿ ಕೂತುಬಿಡುತ್ತಿದ್ದಳು. ಆಮೇಲೆ ಗಂಡ ಹೆಂಡತಿಯ ಮಾತು ಶುರು. ಅವನೂ ಔಷಧಿಯ ನಡುವೆ ಇರುವವನಾದ್ದರಿಂದ ಇವಳು ಅರ್ಧ ಹೇಳಿದರೆ ಸಾಕು, ಉಳಿದರ್ಧ ಅವನಿಗೆ ತಾನಾಗಿ ತಿಳಿಯುತ್ತಿತ್ತು. ಟೈಲರಮ್ಮನಿಗೆ ಮಾತ್ರ ತಲೆಬುಡ ತಿಳಿಯುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಎಲ್ಲಾ ಕನ್ನಡದ ಕ್ರಿಯಾಪದಗಳೇ: ಬಂತು, ಹೋಯ್ತು, ತೆಗೆದ್ರು, ಹಾಕಿದ್ರು. ಏನು ಬಂತು, ಏನು ತೆಗೆದರು ಅನ್ನುವುದು ಕೈಗೆ ಸಿಗುತ್ತಿರಲಿಲ್ಲ.

ಒಂದು ಸಂಜೆ ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಕ್ಕರು. ಟೈಲರಮ್ಮನೂ ನಕ್ಕರು, ಆದರೆ ಅವರ ನಗು ಸ್ವಲ್ಪ ತಡವಾಗಿ ಹೊರಟಿತು. ಸೊಸೆ ತಿರುಗಿ ನೋಡಿದಳು. ಟೈಲರಮ್ಮ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದರು. ದಾರ ಆಗಲೇ ಪೋಣಿಸಿಯಾಗಿತ್ತು.

ಮಾರನೇ ದಿನ ಸೊಸೆ ಬರುವಷ್ಟರಲ್ಲಿ ಅವರು ಅಳತೆ ಪುಸ್ತಕದ ಹಿಂದಿನ ಹಾಳೆ ತೆಗೆದು ಸಿದ್ಧವಾಗಿದ್ದರು. "ನೀನು ದಿನಾ ಹೇಳ್ತೀಯಲ್ಲ ಆ ಐಟಿಸ್ಸು, ಎಕ್ಟಮಿ, ಅವೆಲ್ಲ ಏನು ಅಂತ ನಂಗೂ ಸ್ವಲ್ಪ ಹೇಳು."

"ಯಾಕತ್ತೆ?"

"ಸುಮ್ನೆ. ಕೈಗೆ ಕೆಲಸ ಇದೆ, ಕಿವಿಗೆ ಇಲ್ಲ."

ಸೊಸೆಗೆ ನಗು ಬಂತು. ಸ್ಟೂಲು ಎಳೆದುಕೊಂಡು ಯಂತ್ರದ ಪಕ್ಕ ಕೂತಳು. "ಇಡೀ ಪದ ನೋಡಿದ್ರೆ ತಲೆ ಕೆಡುತ್ತೆ, ಬಾಲ ನೋಡಿ. ಐಟಿಸ್ ಅಂತ ಮುಗಿದ್ರೆ ಉರಿಯೂತ. ಎಕ್ಟಮಿ ಅಂತ ಮುಗಿದ್ರೆ ಕತ್ತರಿಸಿ ಹೊರಗೆ ತೆಗೆಯೋದು. ಸ್ಟಮಿ ಅಂದ್ರೆ ಒಂದು ಬಾಯಿ ಮಾಡಿ ಹಾಗೇ ಬಿಡೋದು."

"ಬಾಯಿ ಮಾಡಿ ಅಂಚು ಹೊಲೀತಾರಾ?"

"ಹೊಲೀತಾರೆ. ಇಲ್ದಿದ್ರೆ ಮುಚ್ಕೊಂಡ್ಬಿಡುತ್ತೆ."

"ಹಾಗಾದ್ರೆ ಅದು ಗುಂಡಿ ತೂರಿಸೋ ಕಾಜ," ಅಂದ ಟೈಲರಮ್ಮ ಹಾಗೇ ಬರೆದುಕೊಂಡರು.

ಆಮೇಲೆ ಅದೇ ಒಂದು ಗೀಳಾಯಿತು. ರಾಫಿ ಅನ್ನುವ ಬಾಲಕ್ಕೆ ಬರೀ ಹೊಲಿಗೆ ಎಂದರ್ಥ ಅಂತ ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಇಷ್ಟು ದಿನ ತಾನು ಮಾಡಿದ್ದಕ್ಕೆ ಇಷ್ಟು ಚೆಂದದ ಹೆಸರಿದೆ ಅಂತ ಯಾರೂ ಹೇಳಿರಲಿಲ್ಲ. ಇಡಿಯೋಪಥಿಕ್ ಅಂದರೆ ಕಾಯಿಲೆ ಯಾಕೆ ಬಂತೆಂದು ಡಾಕ್ಟರಿಗೂ ಗೊತ್ತಿಲ್ಲ ಎಂದರ್ಥ ಅಂತ ಸೊಸೆ ಹೇಳಿದಾಗ ಪೆನ್ನು ಕೆಳಗಿಟ್ಟರು.

"ಗೊತ್ತಿಲ್ಲ ಅಂತ ನೇರವಾಗಿ ಹೇಳಿದ್ರೆ ಆಗಲ್ವಾ?"

"ಗೊತ್ತಿಲ್ಲ ಅನ್ನೋದು ಕಷ್ಟ ಅತ್ತೆ," ಅಂದಳು ಸೊಸೆ.

ಹೀಗೆ ನಾಲ್ಕು ತಿಂಗಳು ಕಳೆದಿರಬೇಕು, ಟೈಲರಮ್ಮನಿಗೆ ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿಕೊಂಡಿತು. ಮೊದಲು ಗ್ಯಾಸು ಅಂದರು, ಆಮೇಲೆ ಕೂತು ಕೂತು ಹೀಗೆ ಅಂದರು. ಒಂದು ಬೆಳಗ್ಗೆ ಯಂತ್ರದ ಮೇಲೆಯೇ ಬಗ್ಗಿ ಕುಸಿದಾಗ ಸೊಸೆ ಆಟೋ ಕರೆದಳು. ಸ್ಕ್ಯಾನ್ ಆಯಿತು. ಸರ್ಜನ್ ರಿಪೋರ್ಟ್ ಓದಿ, "ಇದು ಕೊಲಿಸಿಸ್ಟೈಟಿಸ್, ನಾವು ಕೊಲಿಸಿಸ್ಟೆಕ್ಟಮಿ ಮಾಡ್ಬೇಕು" ಎಂದು ಸೊಸೆಯ ಕಡೆ ನೋಡಿ ಹೇಳಿದರು.

ಟೈಲರಮ್ಮ ನಡುವೆ ಬಾಯಿ ಹಾಕಿದರು. "ಅಂದ್ರೆ ಒಳಗೆ ಉರಿಯೂತ ಆಗಿದೆ, ಅದನ್ನ ಕತ್ತರಿಸಿ ತೆಗೀತೀರಾ. ಬಾಲ ಗೊತ್ತಾಯ್ತು ಡಾಕ್ಟ್ರೇ, ತಲೆ ಗೊತ್ತಾಗ್ಲಿಲ್ಲ. ಮೊದಲಲ್ಲೇ ಕೊಲೆ ಅಂತ ಕೇಳಿಸ್ತಲ್ಲ?"

ಸರ್ಜನ್ ಕನ್ನಡಕ ತೆಗೆದು ಅವರತ್ತ ಸರಿಯಾಗಿ ತಿರುಗಿ ಕೂತರು. "ಕೊಲೆ ಅಲ್ಲಮ್ಮ. ಕೊಲಿ ಅಂದ್ರೆ ಪಿತ್ತ, ಸಿಸ್ಟ್ ಅಂದ್ರೆ ಚೀಲ. ಪಿತ್ತದ ಚೀಲದಲ್ಲಿ ಕಲ್ಲಾಗಿದೆ. ನೀವು ಏನು ಕೆಲಸ ಮಾಡ್ತೀರಾ?"

"ಹೊಲಿಗೆ."

"ಸರಿ ಹೋಯ್ತು, ನಮ್ಮದೂ ಅದೇ."

ಆಪರೇಷನ್ ಸಲೀಸಾಗಿ ಮುಗಿಯಿತು. ಸೊಸೆಯ ವಾರ್ಡಿನಲ್ಲೇ ಐದನೇ ಮಂಚ ಸಿಕ್ಕಿತು. ಎಚ್ಚರವಾದ ಮೇಲೆ ಟೈಲರಮ್ಮ ಹೊದಿಕೆ ಎತ್ತಿ ನೋಡಿಕೊಂಡರೆ ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ತೂತು, ಅದರ ಮೇಲೆ ನಾಲ್ಕು ಪಟ್ಟಿ. "ಇಷ್ಟಕ್ಕೇನಾ ಅಷ್ಟುದ್ದದ ಹೆಸರು?" ಎಂದು ಅವರಿಗೆ ಒಂಥರಾ ಮೋಸ ಹೋದ ಹಾಗಾಯಿತು.

ಮಾರನೇ ಬೆಳಗ್ಗೆ ಎದ್ದು ಓಡಾಡಲು ಹೇಳಿದರು. ಟೈಲರಮ್ಮ ಓಡಾಡಿದರು, ಜೊತೆಗೆ ಮಾತಾಡಿದರು. ನಾಲ್ಕನೇ ಮಂಚದಲ್ಲಿದ್ದವರು ನಿವೃತ್ತ ಹೆಡ್‌ಮಿಸ್. ಅವರು ತಮ್ಮ ರಿಪೋರ್ಟ್ ಹಿಡಿದು ಮುಖ ಊದಿಸಿಕೊಂಡಿದ್ದರು. "ನೋಡಿ, ನನ್ನ ಲಿವರ್ ಅನ್‌ರಿಮಾರ್ಕಬಲ್ ಅಂತೆ. ನಲವತ್ತು ವರ್ಷ ಸ್ಕೂಲ್ ನಡೆಸಿದೋಳು ನಾನು. ನನ್ನ ಬಗ್ಗೆ ಹೇಳೋಕೆ ಒಂದು ಮಾತಿಲ್ವಾ ಇವರಿಗೆ?"

ಆ ಪದ ಟೈಲರಮ್ಮನ ಪುಸ್ತಕದಲ್ಲಿತ್ತು. "ಅದು ಒಳ್ಳೇದೇ ಟೀಚರ್. ಹೆಸರಿಡೋಕೆ ಏನೂ ಸಿಗ್ಲಿಲ್ಲ ಅಂತ ಅರ್ಥ."

ಹೆಡ್‌ಮಿಸ್ ಮತ್ತೊಮ್ಮೆ ರಿಪೋರ್ಟ್ ಓದಿದರು. ಈ ಸಲ ಬೇರೆ ಮುಖ ಮಾಡಿಕೊಂಡು ಓದಿ, ಮಡಿಚಿ ದಿಂಬಿನಡಿ ಇಟ್ಟುಕೊಂಡರು.

ಇಷ್ಟಾದ ಮೇಲೆ ಟೈಲರಮ್ಮನಿಗೆ ರೆಕ್ಕೆ ಬಂತು. ವಾರ್ಡಿನ ಹೆಂಗಸರು ಒಬ್ಬೊಬ್ಬರಾಗಿ ಚೀಟಿ ತಂದು ತೋರಿಸಿದರು. ಇವರು ತಲೆ ಗೊತ್ತಿಲ್ಲದಿದ್ದರೂ ಬಾಲ ನೋಡಿ ಹೇಳಿದರು. ಎರಡನೇ ಮಂಚದಲ್ಲಿ ಬೇಕರಿ ನಡೆಸುವ ಹೆಂಗಸೊಬ್ಬಳಿದ್ದಳು. ಒಡೆದ ಅಪೆಂಡಿಕ್ಸ್ ತೆಗೆದು ಆರು ದಿನವಾಗಿತ್ತು. ಅವಳಿಗೆ ಮನೆಯದೇ ಧ್ಯಾನ; ಒಲೆಯ ಉರಿ ಗಂಡನಿಗೆ ತಿಳಿಯುವುದಿಲ್ಲ, ಬನ್ನು ತಳ ಹಿಡಿದಿರುತ್ತದೆ ಅಂತ ಕೂತಲ್ಲೇ ಕೊರಗುತ್ತಿದ್ದಳು.

"ಅಕ್ಕಾ, ನನ್ನ ಫೈಲಲ್ಲಿ ಇವತ್ತು ಏನೋ ಬರೆದು ಹೋದ್ರು. ನೋಡ್ತೀರಾ?"

ಮಂಚದ ತುದಿಯಲ್ಲಿ ತೂಗುತ್ತಿದ್ದ ಫೈಲನ್ನು ಟೈಲರಮ್ಮ ತೆಗೆದರು. ಸ್ಕೂಲಿನಲ್ಲಿ ಓದಿದ ಇಂಗ್ಲಿಷು ಅಷ್ಟೋ ಇಷ್ಟೋ ಉಳಿದಿತ್ತು. ಡಾಕ್ಟರ ಕೋಳಿಕಾಲು ಅಕ್ಷರದಲ್ಲಿ ಒಂದು ಪದ ಮಾತ್ರ ಸ್ಪಷ್ಟವಾಗಿ ಕಂಡಿತು. ಬಾಲ ನೋಡುವ ಅಗತ್ಯವೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಪದ.

"ಡಿಸ್ಚಾರ್ಜ್ ಅಂತ ಬರ್ದಿದಾರೆ ಕಣಮ್ಮ. ಮನೆಗೆ ಕಳಿಸ್ತಾರೆ."

ಬೇಕರಿಯವಳ ಕಣ್ಣು ತುಂಬಿತು. ಕೂಡಲೇ ಗಂಡನಿಗೆ ಫೋನ್ ಮಾಡಿದಳು. ಬಾಚಣಿಗೆ, ಲೋಟ, ಟವೆಲು ಚೀಲಕ್ಕೆ ತುಂಬಿದಳು. ಆಸ್ಪತ್ರೆಯ ಗೌನು ಬಿಚ್ಚಿ ಸೀರೆ ಸುತ್ತಿಕೊಂಡಳು. ಹನ್ನೊಂದು ಗಂಟೆಗೆ ಗಂಡ ಬೇಕರಿಯ ವ್ಯಾನು ತಂದು ನಿಲ್ಲಿಸಿ, ಮೈಮೇಲೆ ಹಿಟ್ಟು ಇದ್ದಂತೆಯೇ ಮೇಲೆ ಬಂದ. ಚೀಲ ಎತ್ತಿಕೊಂಡು ಇನ್ನೇನು ಬಾಗಿಲು ದಾಟಬೇಕು, ಅಷ್ಟರಲ್ಲಿ ಸೊಸೆ ಔಷಧಿಯ ತಟ್ಟೆ ಹಿಡಿದು ಒಳಗೆ ಬಂದಳು.

"ಎಲ್ಲಿಗೆ ಹೊರಟ್ರಿ?"

"ಡಿಸ್ಚಾರ್ಜ್ ಅಂದ್ರಲ್ಲ ಸಿಸ್ಟರ್."

"ಯಾರು ಅಂದಿದ್ದು?"

ಉಳಿದ ಮಂಚಗಳ ಕಣ್ಣುಗಳೆಲ್ಲ ಐದನೆಯದರ ಕಡೆ ತಿರುಗಿದವು. ಸೊಸೆ ತಟ್ಟೆ ಕೆಳಗಿಟ್ಟು ಫೈಲು ತೆಗೆದು ಓದಿದಳು. ಆಮೇಲೆ ಮೆಲ್ಲಗೆ ಬೇಕರಿಯವಳಿಗೆ ಹೇಳಿದಳು: "ಇದು ಮನೆಗೆ ಹೋಗೋ ಡಿಸ್ಚಾರ್ಜ್ ಅಲ್ಲಮ್ಮ. ಗಾಯದಿಂದ ನೀರು ಒಸರ್ತಿದೆಯಲ್ಲ, ಅದಕ್ಕೂ ಡಿಸ್ಚಾರ್ಜ್ ಅಂತಾನೇ ಅನ್ನೋದು. ಅದು ನಿಲ್ಲೋವರೆಗೂ ಕಳಿಸೋಕಾಗಲ್ಲ."

ಬೇಕರಿಯವಳು ಚೀಲದ ಮೇಲೆಯೇ ಕೂತು ಅತ್ತಳು. ಸೊಸೆ ತಿರುಗಿ, ಟೈಲರಮ್ಮನ ಮುಖ ನೋಡದೆ, ಗಟ್ಟಿಯಾಗಿ ಹೇಳಿದಳು: "ಐದನೇ ಬೆಡ್‌ನವರು ಇನ್ನು ಮೇಲೆ ಯಾರ ಫೈಲೂ ಮುಟ್ಬಾರ್ದು."

ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹೊಟ್ಟೆಯ ನಾಲ್ಕು ತೂತಿಗಿಂತ ಆ ಐದನೇ ಬೆಡ್ ಅನ್ನುವ ಮಾತು ಹೆಚ್ಚು ಚುಚ್ಚುತ್ತಿತ್ತು. ಸೊಸೆಯ ಮೇಲೆ ಕೋಪ ಬರಲಿ ಎಂದು ಪ್ರಯತ್ನ ಮಾಡಿ ನೋಡಿದರು. ಬರಲಿಲ್ಲ. ತಪ್ಪು ಯಾರದೆಂದು ತಮಗೇ ಗೊತ್ತಿತ್ತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದ್ದು ಹೊಲಿಗೆಯವರ ಕೈಯಲ್ಲಿ ಆಗಬಾರದ ಕೆಲಸ.

ಊಟದ ಹೊತ್ತು ಕಳೆದ ಮೇಲೆ ಎದ್ದು, ಮಂಚ ಮಂಚ ಹಿಡಿದುಕೊಂಡು ಎರಡನೇ ಮಂಚದ ಬಳಿ ಹೋದರು. ಗಂಡ ವಾಪಸು ಹೋಗಿದ್ದ. ಬೇಕರಿಯವಳು ಕುತ್ತಿಗೆಯವರೆಗೂ ಹೊದ್ದುಕೊಂಡು ಮಲಗಿದ್ದಳು.

"ಅಮ್ಮಾ, ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

"ನನ್ನ ಹೊಟ್ಟೇಲಿ ಇನ್ನೇನೂ ಹಿಡಿಯಲ್ಲ ಅಕ್ಕಾ," ಅಂದಳು ಅವಳು. ನಗಲು ನೋಡಿದಳು, ಹಲ್ಲು ಕಟಕಟ ಅಂದಿತು. ಟೈಲರಮ್ಮ ಅವಳ ಕೈ ಹಿಡಿದರೆ ಕಾದ ಹೆಂಚಿನ ಹಾಗಿತ್ತು.

"ಮೈ ನಡುಗ್ತಿದೆಯಲ್ಲ. ಯಾವಾಗಿಂದ?"

"ನಿನ್ನೆ ಸಂಜೆಯಿಂದ ಬಂದು ಹೋಗ್ತಿದೆ. ಬೆಳಗ್ಗೆ ಜ್ವರ ನೋಡಿದಾಗ ಇರ್ಲಿಲ್ಲ. ಡಾಕ್ಟ್ರು ಏನೇನೋ ಕೇಳಿದ್ರು, ನಂಗೆ ಅರ್ಥ ಆಗ್ಲಿಲ್ಲ, ಎಲ್ಲಕ್ಕೂ ಇಲ್ಲ ಅಂದೆ. ಇಲ್ಲ ಅಂದ್ರೆ ಬೇಗ ಬಿಡ್ತಾರೆ ಅಂತ. ಯಾರಿಗೂ ಹೇಳ್ಬೇಡಿ ಅಕ್ಕಾ."

ಟೈಲರಮ್ಮ ಒಂದು ಕ್ಷಣ ನಿಂತರು. ಬೆಳಗ್ಗೆಯಷ್ಟೇ ಮಾತಾಡಿ ಮುಖಭಂಗವಾಗಿತ್ತು. ಮತ್ತೆ ಬಾಯಿ ತೆರೆದರೆ ಸೊಸೆ ಏನನ್ನುತ್ತಾಳೋ. ಆದರೂ ಹೊಟ್ಟೆ ಹಿಡಿದುಕೊಂಡು ನರ್ಸುಗಳು ಕೂರುವ ಮೇಜಿನವರೆಗೆ ನಡೆದರು. ಸೊಸೆ ಬರೆಯುತ್ತಿದ್ದಳು. ಟೈಲರಮ್ಮನಿಗೆ ಗೊತ್ತಿದ್ದ ಪದಗಳು ಒಂದಿಷ್ಟು ನಾಲಿಗೆಯ ತುದಿಗೆ ಬಂದವು. ಯಾವುದನ್ನೂ ಆಡಲಿಲ್ಲ.

"ಎರಡನೇ ಮಂಚದೋಳಿಗೆ ಮೈ ನಡುಗ್ತಿದೆ. ಕೈ ಸುಡ್ತಿದೆ. ನಿನ್ನೆ ಸಂಜೆಯಿಂದ ಅಂತೆ. ಮನೆಗೆ ಹೋಗೋ ಆಸೆಗೆ ಮುಚ್ಚಿಟ್ಟಿದಾಳೆ."

ಸೊಸೆ ಪೆನ್ನು ಬಿಟ್ಟು ಎದ್ದಳು. ಮುಂದಿನ ಹತ್ತು ನಿಮಿಷ ವಾರ್ಡಿನಲ್ಲಿ ಓಡಾಟವೋ ಓಡಾಟ. ಸರ್ಜನ್ ಬಂದು ಗಾಯ ಒತ್ತಿ ನೋಡಿ, ಒಳಗೆ ಕೀವು ಕಟ್ಟಿದೆ, ಈಗಲೇ ತೆರೆದು ತೆಗೆಯಬೇಕು ಅಂದರು. ಬೇಕರಿಯವಳು ಹೆದರಿ ಟೈಲರಮ್ಮನ ಗೌನಿನ ಅಂಚು ಹಿಡಿದುಕೊಂಡಳು.

"ಹಾಕಿದ ಹೊಲಿಗೆ ಬಿಚ್ತಾರಂತೆ ಅಕ್ಕಾ. ಮತ್ತೆ ಮೊದಲಿಂದ ಶುರುನಾ?"

"ಎಲ್ಲಾ ಬಿಚ್ಚಲ್ಲ, ಎರಡು ಮೂರು ಅಷ್ಟೆ. ನಾನು ಎಷ್ಟು ಸಲ ಬಿಚ್ಚಿದೀನಿ. ಲೈನಿಂಗ್ ಒಳಗೆ ಸುಕ್ಕು ಬಿದ್ರೆ ಮೇಲೆ ಎಷ್ಟು ಇಸ್ತ್ರಿ ಮಾಡಿದ್ರೂ ಕೂರಲ್ಲ. ಒಂದು ಕಡೆ ಬಿಚ್ಚಿ, ಒಳಗಿಂದ ಸರಿ ಮಾಡಿದ್ರೆ ಆಮೇಲೆ ಬಟ್ಟೆ ಎಷ್ಟೋ ವರ್ಷ ಬರುತ್ತೆ."

ಸ್ಟ್ರೆಚರ್ ತಳ್ಳಲು ಬಂದ ಸೊಸೆ ಅದನ್ನು ಕೇಳಿಸಿಕೊಂಡಳು. ಬೇಕರಿಯವಳು ಅಂಚು ಬಿಡುವವರೆಗೂ ಕಾದಳು.

ಸಂಜೆ ಡ್ಯೂಟಿ ಮುಗಿದ ಮೇಲೆ ಸೊಸೆ ಯೂನಿಫಾರಂ ಬದಲಿಸಿ ಬಂದು ಐದನೇ ಮಂಚದ ಅಂಚಿನಲ್ಲಿ ಕೂತಳು. ಬೇಕರಿಯವಳಿಗೆ ಜ್ವರ ಇಳಿಯುತ್ತಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಸರ್ಜನ್ ಹೇಳಿದ್ದರು.

"ಎಲ್ರ ಮುಂದೆ ನಿಮ್ಮನ್ನ ಐದನೇ ಬೆಡ್ ಅಂದ್ಬಿಟ್ಟೆ ಅತ್ತೆ."

"ನಂಬರೇನೋ ಸರಿಯಾಗೇ ಇತ್ತು."

ಸೊಸೆ ನಗಲಿಲ್ಲ. "ಆ ಪದಗಳನ್ನೆಲ್ಲ ಯಾಕೆ ಕಲಿತ್ರಿ, ನಿಜ ಹೇಳಿ."

ಟೈಲರಮ್ಮ ಹೊದಿಕೆಯ ಅಂಚಿನ ಬಿಟ್ಟ ಎಳೆಯೊಂದನ್ನು ಬೆರಳಿಗೆ ಸುತ್ತಿದರು. "ನೀವಿಬ್ರೂ ಮಾತಾಡ್ತಿದ್ರಿ. ನಾನು ಅಲ್ಲೇ ಇದ್ರೂ ಹೊರಗೆ ನಿಂತ ಹಾಗೆ ಆಗ್ತಿತ್ತು. ನೀನು ದಿನವಿಡೀ ಏನು ನೋಡಿ ಬರ್ತೀಯೋ, ಅದು ಗೊತ್ತಾಗ್ಬೇಕಿತ್ತು ನಂಗೆ. ಅಷ್ಟೆ."

"ಆಸ್ಪತ್ರೆ ಮಾತು ನಿಮಗೆ ಬೇಜಾರು ಅಂದ್ಕೊಂಡಿದ್ದೆ ನಾನು," ಅಂದಳು ಸೊಸೆ. "ನಿಮ್ಮ ಹತ್ರ ಹೇಳ್ತೀನಿ ಅತ್ತೆ. ಆ ಪದಗಳು ನಮಗೂ ಒಂಥರಾ ಕೈಗೆ ಹಾಕ್ಕೊಳೋ ಗ್ಲೌಸ್ ಇದ್ದ ಹಾಗೆ. ಎಕ್ಸ್‌ಪೈರ್ ಆದ್ರು ಅಂತ ಬರ್ದು ಇನ್ನೊಂದು ಬೆಡ್‌ಗೆ ಹೋಗ್ಬಹುದು. ಸತ್ತೋದ್ರು ಅಂತ ಬರೀಬೇಕಾಗಿದ್ರೆ ಕೈ ಏಳ್ತಿರ್ಲಿಲ್ಲ."

ಟೈಲರಮ್ಮ ಅವಳ ಕೈ ಎಳೆದು ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. ಪದೇ ಪದೇ ತೊಳೆದು ಒಣಗಿದ ಕೈ, ಬೆರಳ ಗಿಣ್ಣುಗಳಲ್ಲಿ ಚರ್ಮ ಒಡೆದಿತ್ತು. ಇದನ್ನು ಇಷ್ಟು ವರ್ಷ ನೋಡೇ ಇರಲಿಲ್ಲವಲ್ಲ ಅನ್ನಿಸಿತು. ಬೇಕರಿಯವಳ ಕಡೆಯವರು ಬಿಟ್ಟುಹೋದ ಬೆಣ್ಣೆ ಬಿಸ್ಕತ್ತು ಅಲ್ಲೇ ಇತ್ತು. ಒಂದು ತೆಗೆದು ಅವಳ ಬಾಯಿಗೆ ಹಿಡಿದರು. "ತಿನ್ನು ಮೊದಲು. ಮಧ್ಯಾಹ್ನ ನೀನು ಉಂಡಿದ್ದು ನಾನು ಕಾಣ್ಲಿಲ್ಲ."

ಟೈಲರಮ್ಮ ಮಾರನೇ ದಿನ ಮನೆಗೆ ಬಂದರು. ಬೇಕರಿಯವಳು ಇನ್ನೂ ಒಂಬತ್ತು ದಿನ ಇದ್ದು, ಸರಿಯಾದ ಡಿಸ್ಚಾರ್ಜ್ ತೆಗೆದುಕೊಂಡು ಹೋದಳು. ಹೋಗುವ ಮುಂಚೆ ಆ ಕಾಗದವನ್ನು ಸೊಸೆಯ ಕೈಲಿ ಎರಡು ಸಲ ಓದಿಸಿದಳಂತೆ.

ತಿಂಗಳೊಪ್ಪತ್ತಿನಲ್ಲಿ ಟೈಲರಮ್ಮ ಮತ್ತೆ ಯಂತ್ರದ ಮುಂದೆ ಕೂತರು. ಒಂದು ಸಂಜೆ ಸೊಸೆ ಬಂದವಳು ಟೀಯನ್ನೂ ಕೇಳದೆ, ನೇರವಾಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅತ್ತೆ, ಇವತ್ತು ಒಬ್ರು ಅಜ್ಜಿ ಸತ್ತೋದ್ರು. ಬೆಳಗ್ಗೆ ನಾನೇ ತಲೆ ಬಾಚಿದ್ದೆ."

ಟೈಲರಮ್ಮ ಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದರು. "ಏನಾಗಿತ್ತು?"

"ವಯಸ್ಸಾಗಿತ್ತು. ಹೃದಯ ಸುಸ್ತಾಗಿತ್ತು. ಕೊನೆಗೆ ಉಸಿರು ಎಳೆಯೋಕೆ ಆಗ್ಲಿಲ್ಲ. ಅದಕ್ಕೊಂದು ಹೆಸರಿದೆ..."

"ಹೆಸರು ಆಮೇಲೆ ಹೇಳುವಿಯಂತೆ," ಅಂದರು ಟೈಲರಮ್ಮ. "ತಲೆ ಬಾಚಿದೆ ಅಂದ್ಯಲ್ಲ, ಅದು ಹೇಳು."

ಸೊಸೆ ಹೇಳತೊಡಗಿದಳು.